ನಾವು ಯಾವ ದರ್ಜೆಯವರು?

2005ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮೂರು ರಾತ್ರಿ ಚರ್ಚೆ ನಡೆಯಿತು. ಹೊಸಪೇಟೆಯ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಸೈಕಲ್ಲಿಗೂ ಗತಿಯಿಲ್ಲದಿದ್ದ ಮನೆಗಳ ಮುಂದೆ ಟಿಪ್ಪರ್ ಲಾರಿಗಳು ಬಂದು ನಿಂತಿದ್ದವು. ನಮ್ಮ ಅಣ್ಣನಿಗೂ ಒಂದು ಬೇಕಿತ್ತು. ಅಮ್ಮಿಯ ಬಂಗಾರ, ಅಬ್ಬಾ ತೀರಿಕೊಂಡಾಗ ಕೈಗೆ ಬಂದಿದ್ದ ದುಡ್ಡು, ಊರ ಹೊರಗಿನ ಒಂದು ಸೈಟು, ಎಲ್ಲ ಸೇರಿದರೆ ಮೂರೂವರೆ ಲಕ್ಷವಾಗುತ್ತಿತ್ತು. ಮಿಕ್ಕಿದ್ದನ್ನು ಫೈನಾನ್ಸ್‌ನವರು ಕೊಡುತ್ತಾರೆ, ತಿಂಗಳು ತಿಂಗಳು ಕಂತು ಕಟ್ಟಬೇಕು. ಚರ್ಚೆ ಎದ್ದದ್ದು ಈ ಮಿಕ್ಕಿದ್ದರ ಬಗ್ಗೆ. ಬಡ್ಡಿ ಕೊಟ್ಟು ಲಾರಿ ತರಬಹುದೇ?

ಮೌಲಾನಾ ಸಾಹೇಬರನ್ನು ಕೇಳಿದೆವು. ಬಡ್ಡಿ ತಿನ್ನುವುದು ಹೇಗೋ ಕೊಡುವುದೂ ಹಾಗೆಯೇ ಎಂದರು. ಮಾಮು ಒಪ್ಪಲಿಲ್ಲ. 'ಊರಲ್ಲಿ ಯಾರು ಪೂರಾ ನಗದು ಕೊಟ್ಟು ಲಾರಿ ತಂದಿದ್ದಾರೆ, ಹೆಸರು ಹೇಳಿ ನೋಡೋಣ' ಎಂದರು. ಅಮ್ಮಿ ಎರಡು ರಾತ್ರಿ ಮಾತಾಡಲಿಲ್ಲ. ಮೂರನೆಯ ರಾತ್ರಿ ಬಳೆಗಳನ್ನು ಬಿಚ್ಚಿ ಅಣ್ಣನ ಮುಂದಿಟ್ಟು, 'ಕಂತು ಬೇಗ ಮುಗಿಸಿಬಿಡು ಬೇಟಾ, ಆ ಗುನಾಹ್ ಬಹಳ ದಿನ ಮನೆಯಲ್ಲಿರುವುದು ಬೇಡ' ಎಂದರು.

ಈಗ ಕೂತು ನೆನೆದರೆ ನಮಗೆ ಆಶ್ಚರ್ಯವಾಗುವುದು ಬೇರೆಯದೇ ವಿಷಯಕ್ಕೆ. ಮೂರು ರಾತ್ರಿ ಬಡ್ಡಿಯ ಬಗ್ಗೆ ತಲೆ ಕೆಡಿಸಿಕೊಂಡ ನಾವು, ಆ ಲಾರಿ ಹೊರಲಿರುವ ಅದಿರು ಯಾವ ಗುಡ್ಡದ್ದು, ಅದನ್ನು ಅಗೆಯಲು ಯಾರು ಯಾರಿಗೆ ಅನುಮತಿ ಕೊಟ್ಟಿದ್ದಾರೆ, ಅಗೆದ ಮೇಲೆ ಅಲ್ಲಿ ಏನು ಉಳಿಯುತ್ತದೆ ಎಂದು ಒಂದು ನಿಮಿಷವೂ ಕೇಳಿಕೊಳ್ಳಲಿಲ್ಲ. ಗುಡ್ಡ ಅಲ್ಲಾಹನದು, ಅನುಮತಿ ಸರಕಾರದ್ದು, ಗಣಿ ಧಣಿಯದು, ನಮ್ಮದು ಬರೀ ಬಾಡಿಗೆ. ಹೀಗೆ ಪಾಲು ಹಂಚಿಕೊಂಡು ನಾವು ಹಗುರಾಗಿಬಿಟ್ಟೆವು.

ಕೇಳಬೇಕಿತ್ತು ಎನ್ನುವುದಕ್ಕೆ ಕಾರಣವೂ ಇತ್ತು. ಅದೇ 2005ರ ಡಿಸೆಂಬರ್ 31ರಂದು ಇತ್ತ ಪಶ್ಚಿಮ ಘಟ್ಟದಲ್ಲಿ ಕುದುರೆಮುಖದ ಗಣಿ ನಿಂತಿತು. ಒಂದು ಕಾಲಕ್ಕೆ ಇರಾನಿನ ದುಡ್ಡನ್ನು ನೆಚ್ಚಿಕೊಂಡು, ಇರಾನಿಗೇ ಅದಿರು ಕಳಿಸಲೆಂದು 1976ರಲ್ಲಿ ಕಟ್ಟಿದ ಸರಕಾರಿ ಕಂಪನಿ ಅದು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದುಬಿದ್ದರೂ ಗಣಿ ನಡೆಯಿತು. ಭದ್ರಾ ನದಿ ಹುಟ್ಟುವ ಮಳೆಕಾಡಿನ ನಡುವೆ, ರಾಷ್ಟ್ರೀಯ ಉದ್ಯಾನದೊಳಗೆ ಇದ್ದ ಗಣಿಯಿಂದ ನದಿಗೆ ಕೆಸರು ಸೇರುತ್ತಿದೆ ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿರುವ ಆ ಮೊಕದ್ದಮೆಯಲ್ಲಿ 2002ರ ಅಕ್ಟೋಬರ್ 30ರಂದು ತೀರ್ಪಾಗಿ, 2005ರ ಕೊನೆಯ ತನಕ ಮಾತ್ರ ಕಂಪನಿಗೆ ಗಡುವು ಸಿಕ್ಕಿತ್ತು. ಸರಕಾರದ್ದೇ ಕಂಪನಿ, ಸಾವಿರಾರು ಜನರ ನೌಕರಿ, ವಿದೇಶಕ್ಕೆ ರಫ್ತು. ಇಷ್ಟಿದ್ದರೂ ಕೋರ್ಟು ಬಾಗಿಲು ಹಾಕಿಸಿತು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿದ ನಾವು ಅದು ಮಲೆನಾಡಿನವರ ಸಮಾಚಾರ ಎಂದುಕೊಂಡು ಪುಟ ತಿರುವಿದೆವು.

ನಮ್ಮ ಸೀಮೆಯಲ್ಲಿ ಆಗ ಬೇರೆಯದೇ ಗಾಳಿ. 2003ರ ಮಾರ್ಚಿನಲ್ಲಿ ರಾಜ್ಯ ಸರಕಾರ ತನಗೆಂದು ಕಾದಿರಿಸಿಕೊಂಡಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೆ ತೆರೆದುಬಿಟ್ಟಿತ್ತು. ಚೀನಾದಲ್ಲಿ ಉಕ್ಕಿನ ಹಸಿವು ಏರುತ್ತಲೇ ಹೋಯಿತು. ಮೊದಲು ಯಾರೂ ಮೂಸಿ ನೋಡದೆ ಗಣಿಯ ಪಕ್ಕ ರಾಶಿ ಹಾಕಿದ್ದ ಪುಡಿ ಅದಿರಿಗೂ ಬೆಲೆ ಬಂತು. ಸಂಡೂರು, ಹೊಸಪೇಟೆ, ಬಳ್ಳಾರಿ ಕಡೆಯ ಹೋಟೆಲು, ಗ್ಯಾರೇಜು, ಟಯರ್ ಅಂಗಡಿ, ಪಂಕ್ಚರ್ ಅಂಗಡಿ ಎಲ್ಲ ರಾತ್ರಿಯೂ ತೆರೆದಿರುತ್ತಿದ್ದವು. ನಮ್ಮವರಲ್ಲಿ ಮೆಕ್ಯಾನಿಕ್‌ಗಳು, ಡ್ರೈವರುಗಳು, ವೆಲ್ಡಿಂಗ್ ಮಾಡುವವರು ಬಹಳ. ಗಣಿಯ ದುಡ್ಡು ಮೊದಲ ಬಾರಿಗೆ ನಮ್ಮ ಓಣಿಯ ಒಳಗೂ ಹರಿಯಿತು. ಹೆಣ್ಣುಮಕ್ಕಳ ಮದುವೆಗಳಾದವು, ಸೋರುವ ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಇದನ್ನು ಮರೆಮಾಚಿ ಬರೆದರೆ ಸುಳ್ಳಾಗುತ್ತದೆ. ನಮ್ಮ ಮನೆಯ ಮೇಲಿನ ಅಂತಸ್ತೂ ಆ ದುಡ್ಡಿನದೇ.

ನಾಲ್ಕನೆಯ ಇಯತ್ತೆಯ ತನಕ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ ಓದಿ, ಅಲ್ಲಿ ಇಲ್ಲಿ ಕತೆ ಪ್ರಕಟಿಸುತ್ತಿದ್ದ ನಮ್ಮ ಪಾಲಿಗೆ ಲಾರಿಯ ಲೆಕ್ಕ ಬರೆಯುವ ಕೆಲಸ ಬಂತು. ಡೀಸೆಲ್ಲು, ಟಯರು, ಡ್ರೈವರ್ ಬತ್ತೆ, ದಾರಿಯ ಮಾಮೂಲು, ಕಂತು. ಅಣ್ಣನ ಲಾರಿ ಹೊಸಪೇಟೆಯಿಂದ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲದ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗುತ್ತಿತ್ತು. ಪಾಸಿಂಗ್ ತೂಕ ಒಂದು, ಹೇರುತ್ತಿದ್ದ ತೂಕ ಇನ್ನೊಂದು. ಪಾಸಿಂಗ್ ತೂಕ ಹೇರಿದರೆ ಕಂತು ಹುಟ್ಟುವುದಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಪುಸ್ತಕ ನಮ್ಮ ಕೈಯಲ್ಲಿದ್ದುದರಿಂದ ಅವನ ಮಾತು ನಿಜವೆಂದು ನಮಗೂ ಗೊತ್ತಿತ್ತು.

ಇನ್ನೊಂದು ವಿಷಯವೂ ಗೊತ್ತಿತ್ತು. ಅದಿರು ಸಾಗಿಸಲು ಅರಣ್ಯ ಇಲಾಖೆಯ ಪಾಸು, ಗಣಿ ಇಲಾಖೆಯ ಪರ್ಮಿಟ್ ಬೇಕು. ನಮ್ಮ ಲೆಕ್ಕದ ಪುಸ್ತಕದಲ್ಲಿ ಕೆಲವು ವಾರ ಟ್ರಿಪ್ಪುಗಳು ಐದು, ಪರ್ಮಿಟ್ಟುಗಳು ಮೂರು. 'ಉಳಿದೆರಡು?' ಎಂದು ಒಮ್ಮೆ ಕೇಳಿದೆವು. 'ಅದು ಲೋಡ್ ಕೊಟ್ಟವರ ಜವಾಬ್ದಾರಿ. ದಾರಿಯಲ್ಲಿ ಯಾರೂ ಹಿಡಿಯುವುದಿಲ್ಲ, ಎಲ್ಲ ಮಾತಾಗಿದೆ' ಎಂದ ಅಣ್ಣ. ಆ ಎರಡು ಟ್ರಿಪ್ಪುಗಳ ಬಾಡಿಗೆ ಸ್ವಲ್ಪ ಹೆಚ್ಚೇ ಇತ್ತು. ನಾವು ಮತ್ತೆ ಕೇಳಲಿಲ್ಲ. ಕತೆ ಬರೆಯುವವರು ಊರಿನ ಎಲ್ಲದರ ಬಗ್ಗೆ ಬರೆದೆವು. ತಲಾಖಿನ ಬಗ್ಗೆ, ವರದಕ್ಷಿಣೆಯ ಬಗ್ಗೆ, ಕೋಮುಗಲಭೆಯ ಬಗ್ಗೆ. ಗಣಿಯ ಬಗ್ಗೆ ಆ ಆರು ವರ್ಷಗಳಲ್ಲಿ ನಾವು ಒಂದೇ ಒಂದು ಕತೆ ಬರೆಯಲಿಲ್ಲ.

ಅಬ್ಬಾನ ದೋಸ್ತಿಯಾಗಿದ್ದ ರೈತರೊಬ್ಬರು ಸಂಡೂರಿನ ಕಡೆ ಇದ್ದರು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ರಸ್ತೆಯ ಪಕ್ಕ ಅವರದು ಮೂರು ಎಕರೆ ಹೊಲ. ಮೆಣಸಿನಕಾಯಿ, ಜೋಳ ಬೆಳೆಯುತ್ತಿದ್ದರು. ಪ್ರತಿ ವರ್ಷ ರಂಜಾನ್ ಹಬ್ಬಕ್ಕೆ ಒಂದು ಚೀಲ ಹಸಿ ಮೆಣಸಿನಕಾಯಿ ಅವರ ಮನೆಯಿಂದ ಬರುತ್ತಿತ್ತು. ಒಂದು ವರ್ಷ ಬರಲಿಲ್ಲ. ಯಾಕೆಂದು ನೋಡಲು ಹೋದಾಗ ಗಿಡಗಳ ಮೇಲೆ ಕೆಂಪು ದೂಳು ಬೆರಳು ಗಾತ್ರ ಕೂತಿತ್ತು. ಹೂವು ಕಚ್ಚಿರಲಿಲ್ಲ. 'ಮಳಿ ಬಂದ್ರ ಗಿಡಕ್ಕ ಸ್ನಾನ ಆಗತೈತಿ ತಮ್ಮಾ. ಮರುದಿನ ಮತ್ತ ನಿಮ್ಮ ಲಾರಿ ಬರ್ತಾವ' ಎಂದು ಕಾಕಾ ನಕ್ಕರು. ನಿಮ್ಮ ಲಾರಿ ಎಂದಾಗ ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

ಮುಂದಿನ ವರ್ಷ ಅವರೂ ಸೋತರು. ಆಗ ರೈತರ ಪಟ್ಟಾ ಜಮೀನಿನಲ್ಲೂ ಅದಿರು ಅಗೆಯಲು ಅನುಮತಿ ಸಿಗುತ್ತಿತ್ತು. ಬೆಳೆ ಬಾರದ ಹೊಲವನ್ನು ಎರಡು ವರ್ಷದ ಮಟ್ಟಿಗೆ ಒಬ್ಬ ಕಂಟ್ರಾಕ್ಟರನಿಗೆ ಕೊಟ್ಟರು. ಹಿಟಾಚಿ ಬಂದು ಮೇಲ್ಮಣ್ಣು ಎತ್ತಿ ಬದಿಗೆ ಚೆಲ್ಲಿ, ಒಳಗಿದ್ದ ಅದಿರನ್ನು ತೆಗೆದುಕೊಂಡು ಹೋಯಿತು. ಸುತ್ತಲಿನ ಹಳ್ಳಿಗಳ ಹೆಂಗಸರು, ಶಾಲೆ ಬಿಟ್ಟ ಮಕ್ಕಳು ಸುತ್ತಿಗೆ ಹಿಡಿದು ಆ ಕಲ್ಲುಗಳನ್ನು ಒಡೆಯುತ್ತಿದ್ದರು. ಕಂಟ್ರಾಕ್ಟರ್ ಕೊಟ್ಟ ದುಡ್ಡು ಒಂದು ಮೋಟಾರ್ ಸೈಕಲ್ಲು, ಒಂದು ಮದುವೆಯಲ್ಲಿ ಮುಗಿಯಿತು. ಗುಂಡಿ ಮಾತ್ರ ಹಾಗೇ ಉಳಿಯಿತು. ಆ ಹೊಲದ ಅದಿರು ಕೆಲವು ದಿನ ನಮ್ಮ ಲಾರಿಯಲ್ಲೇ ಹೋಯಿತು. ಆ ಟ್ರಿಪ್ಪುಗಳ ಲೆಕ್ಕವೂ ನಮ್ಮ ಅಕ್ಷರದಲ್ಲೇ ಇದೆ.

ಕಾನೂನು ಮೆಲ್ಲಗೆ ಹತ್ತಿರ ಬರುತ್ತಿತ್ತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೊದಲ ವರದಿ 2008ರ ಡಿಸೆಂಬರಿನಲ್ಲಿ ಬಂತು. ಧಾರವಾಡದ ಎಸ್. ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಪರ್ಮಿಟ್ ಇಲ್ಲದ ಸುಮಾರು 5 ಲಕ್ಷ ಟನ್ ಅದಿರನ್ನು ಅರಣ್ಯ ಇಲಾಖೆ ಜಪ್ತಿ ಮಾಡಿತು. ಅದೇ ವರ್ಷದ ಜುಲೈನಲ್ಲಿ ಸರಕಾರ ರಫ್ತಿನ ಪರ್ಮಿಟ್ ನಿಲ್ಲಿಸಿದಾಗ ನಮ್ಮ ಲಾರಿಗೆ ಬಂದರಿನ ದಾರಿ ಮುಚ್ಚಿತು. 2011ರ ಜುಲೈ 27ರಂದು ಲೋಕಾಯುಕ್ತರ ಎರಡನೆಯ ವರದಿ ಹೊರಬಿತ್ತು. ಅರಣ್ಯಾಧಿಕಾರಿ ಯು. ವಿ. ಸಿಂಗ್ ಮತ್ತು ಅವರ ತಂಡ ಪರ್ಮಿಟ್ಟು, ವೇಬ್ರಿಜ್ ಚೀಟಿ, ಬ್ಯಾಂಕ್ ಲೆಕ್ಕಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿತ್ತು. ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದು ವರದಿ ಲೆಕ್ಕ ಹಾಕಿತ್ತು. ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಎರಡೇ ದಿನಕ್ಕೆ, ಜುಲೈ 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೆಲ್ಲ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದೇ ಆಜ್ಞೆಯಾಯಿತು.

ಆ ರಂಜಾನ್ ತಿಂಗಳನ್ನು ನಾವು ಮರೆಯುವ ಹಾಗಿಲ್ಲ. ಲಾರಿಗಳು ಸಾಲುಗಟ್ಟಿ ಖಾಲಿ ನಿಂತವು. ಡ್ರೈವರುಗಳು ಊರು ಬಿಟ್ಟರು. ನಾವು ಮೊದಲ ಲಾರಿಯ ಕಂತು ಮುಗಿಸಿ, ಅಮ್ಮಿಗೆ ಹೇಳದೆ ಎರಡನೆಯದನ್ನು ತಂದಿದ್ದೆವು. ನಾಲ್ಕು ಕಂತು ತಪ್ಪಿದ ಮೇಲೆ ಫೈನಾನ್ಸ್‌ನವರು ಎರಡನ್ನೂ ಎಳೆದುಕೊಂಡು ಹೋದರು. ಮೊದಲನೆಯದನ್ನೂ ಎರಡನೆಯದಕ್ಕೆ ಅಡವಿಟ್ಟಿದ್ದು ಅಮ್ಮಿಗೆ ಗೊತ್ತಾದದ್ದು ಆವತ್ತೇ. ಲಾರಿ ಮಾಲೀಕರ ಮೆರವಣಿಗೆಯಲ್ಲಿ ನಾವೂ ನಡೆದೆವು. ಹಿರೇಮಠರನ್ನು ಬೈದೆವು, ಕೋರ್ಟನ್ನು ಬೈದೆವು. 'ದೊಡ್ಡವರು ತಿಂದರು, ನಮ್ಮ ಹೊಟ್ಟೆಯ ಮೇಲೆ ಹೊಡೆದರು' ಎಂದೆವು. ಆ ಮಾತಿನಲ್ಲಿ ಅರ್ಧ ನಿಜವಿತ್ತು. ಉಳಿದರ್ಧ ನಮ್ಮ ಲೆಕ್ಕದ ಪುಸ್ತಕದಲ್ಲಿತ್ತು.

ಕೋರ್ಟು ಮುಂದೆ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯವಾಗಿ ಇಂಥ ಮೊಕದ್ದಮೆಗಳಲ್ಲಿ ಯಾರ ಬಳಿ ಯಾವ ಕಾಗದವಿದೆ ಎಂದು ನೋಡುತ್ತಾರೆ. ಇಲ್ಲಿ ನೆಲವನ್ನೇ ಅಳೆಸಿದರು. ಗುತ್ತಿಗೆಯ ನಕ್ಷೆಯಲ್ಲಿ ಬರೆದ ಗಡಿ ಎಲ್ಲಿ, ನಿಜವಾಗಿ ಅಗೆದ ಗುಂಡಿ ಎಲ್ಲಿ, ಮಣ್ಣು ಸುರಿದ ದಿಬ್ಬ ಎಲ್ಲಿ ಎಂದು ಜಂಟಿ ತಂಡಗಳು ಗುಡ್ಡ ಹತ್ತಿ ಸರ್ವೆ ಮಾಡಿದವು. ಆ ಸರ್ವೆಯ ಆಧಾರದ ಮೇಲೆ ಕೇಂದ್ರ ಉನ್ನತಾಧಿಕಾರ ಸಮಿತಿ ಗಣಿಗಳನ್ನು ಮೂರು ದರ್ಜೆ ಮಾಡಿತು. ಉಲ್ಲಂಘನೆ ಇಲ್ಲದವು ಅಥವಾ ತೀರ ಕಡಿಮೆ ಇರುವವು 'ಎ'. ಗಡಿಯ ಹೊರಗಿನ ಗುಂಡಿ ಗುತ್ತಿಗೆ ಪ್ರದೇಶದ 10 ಶೇಕಡಾವನ್ನು, ಹೊರಗೆ ಸುರಿದ ಮಣ್ಣು 15 ಶೇಕಡಾವನ್ನು ಮೀರದಿದ್ದರೆ 'ಬಿ'. ಅದನ್ನು ಮೀರಿದವು 'ಸಿ'. 2013ರ ಏಪ್ರಿಲ್ 18ರ ತೀರ್ಪಿನಲ್ಲಿ 'ಸಿ' ದರ್ಜೆಯ ಗುತ್ತಿಗೆಗಳು ರದ್ದಾದವು. 'ಬಿ' ದರ್ಜೆಯವರು ಹೊರಗೆ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ, ಹೊರಗೆ ಸುರಿದ ಮಣ್ಣಿಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಕಟ್ಟಿ, ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಿಕೊಂಡರೆ ಮಾತ್ರ ಮತ್ತೆ ಕೆಲಸ. ಇಡೀ ಮೂರು ಜಿಲ್ಲೆಗಳಿಂದ ವರ್ಷಕ್ಕೆ 3 ಕೋಟಿ ಟನ್ನಿಗಿಂತ ಹೆಚ್ಚು ತೆಗೆಯಬಾರದೆಂಬ ಮಿತಿಯೂ ಬಂತು. ಮುಂದೆ ಹುಟ್ಟುವವರಿಗೂ ಈ ಗುಡ್ಡದಲ್ಲಿ ಪಾಲಿದೆ ಎನ್ನುವುದು ಆ ತೀರ್ಪಿನ ತಿರುಳು.

ಅದೇ ದಿನ ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪೂ ಬಂತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಬೇಕೋ ಬೇಡವೋ ಎಂಬುದನ್ನು ಅಲ್ಲಿನ ಗ್ರಾಮಸಭೆಗಳು ಹೇಳಲಿ ಎಂದಿತು ಕೋರ್ಟು. ಆ ಬೆಟ್ಟವನ್ನು ದೇವರೆಂದು ನಂಬಿದ ಡೋಂಗ್ರಿಯಾ ಕೊಂದರು ಮತ್ತು ಅವರ ನೆರೆಯವರ 12 ಗ್ರಾಮಸಭೆಗಳೂ ಅದೇ ವರ್ಷ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ ಗಣಿಗೆ ಅನುಮತಿ ನಿರಾಕರಿಸಿತು. ಅದರ ವಿವರ ಓದುತ್ತಾ ಹೋದಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಅಲ್ಲಿ ಗಣಿಯ ಆಸೆಯಲ್ಲಿದ್ದ ವೇದಾಂತ ಕಂಪನಿಯ ಷೇರುಗಳನ್ನು ನಾರ್ವೆ ಸರಕಾರದ ಪಿಂಚಣಿ ನಿಧಿ 2007ರಲ್ಲೇ ತನ್ನ ಪಟ್ಟಿಯಿಂದ ಹೊರಗಿಟ್ಟಿತ್ತು. ಇಂಗ್ಲೆಂಡಿನ ಚರ್ಚು 2010ರಲ್ಲಿ ತನ್ನಲ್ಲಿದ್ದ ಷೇರುಗಳನ್ನು ಮಾರಿತ್ತು. ಕೋರ್ಟಿನ ಕೊನೆಯ ಮಾತು ಬರುವ ಮೊದಲೇ, ಸಾವಿರಾರು ಮೈಲಿ ದೂರ ಕೂತವರು ನಮ್ಮ ದುಡ್ಡು ಎಲ್ಲಿ ಹೋಗಿ ಏನು ಮಾಡುತ್ತಿದೆ ಎಂದು ಕೇಳಿದ್ದರು.

ಅವರು ದೊಡ್ಡ ಹೂಡಿಕೆದಾರರು, ಅವರ ಬಳಿ ವಿಚಾರಿಸಲು ಜನರಿದ್ದರು, ಷೇರು ಮಾರಿದರೆ ಅವರ ಒಲೆಯೇನೂ ಆರುವುದಿಲ್ಲ ಎನ್ನಬಹುದು. ನಿಜ. ಆದರೆ ನಮಗೆ ವಿಚಾರಿಸುವ ತೊಂದರೆಯೂ ಇರಲಿಲ್ಲವಲ್ಲ. ನಾರ್ವೆಯವರು ವರದಿ ತರಿಸಿ ತಿಳಿಯಬೇಕಾದದ್ದನ್ನು ನಾವು ಕಾಕಾನ ಮೆಣಸಿನ ಗಿಡದ ಮೇಲೆ ಬೆರಳಾಡಿಸಿ ತಿಳಿದಿದ್ದೆವು. ಅಮ್ಮಿಯ ಬಳೆಗಳು ಬಂಡವಾಳವೇ. ನಾವು ಹೂಡಿಕೆದಾರರೇ. ಗಣಿಯೆಂದರೆ ಒಬ್ಬ ಧಣಿ, ಒಂದು ಕಂಪನಿ ಎಂದು ಪೇಪರಿನಲ್ಲಿ ಓದುತ್ತೇವೆ. ನಮ್ಮ ಊರಿನಲ್ಲಿ ಅದು ಸಾವಿರಾರು ಮನೆಗಳ ಬಂಗಾರ, ಸೈಟು, ಪಿಎಫ್ ದುಡ್ಡು ಸೇರಿ ಆದದ್ದು. ಲಾಭ ಬಂದಾಗ ನಮ್ಮ ಪಾಲನ್ನು ಎಣಿಸಿಕೊಂಡೆವು. ಹೊಣೆ ಬಂದಾಗ ಮಾತ್ರ ನಾವು ಬರೀ ಬಾಡಿಗೆಯವರು. ಐದು ಟ್ರಿಪ್ಪಿಗೆ ಮೂರು ಪರ್ಮಿಟ್ ಎಂದರೆ ಹತ್ತು ಶೇಕಡಾ ದಾಟಿತೋ ಇಲ್ಲವೋ? ಆ ಸಮಿತಿ ನಮ್ಮ ಲೆಕ್ಕದ ಪುಸ್ತಕವನ್ನೇನಾದರೂ ತೆರೆದು ನೋಡಿದ್ದರೆ ನಮ್ಮನ್ನು ಯಾವ ದರ್ಜೆಗೆ ಹಾಕುತ್ತಿತ್ತು ಎಂದು ಲೆಕ್ಕ ಹಾಕುವುದು ಕಷ್ಟವಲ್ಲ.

ತೀರ್ಪಾದ ಮೇಲೆ ಎಲ್ಲ ಸರಿಹೋಯಿತೆಂದೇನೂ ಅಲ್ಲ. ದಂಡದ ದುಡ್ಡು, ಹರಾಜಿನ ದುಡ್ಡಿನ ಪಾಲು ಸೇರಿ ದೊಡ್ಡ ನಿಧಿಯಾಯಿತು. ಅದನ್ನು ಗಣಿಬಾಧಿತ ಪ್ರದೇಶಕ್ಕೆ ಖರ್ಚು ಮಾಡಲೆಂದೇ 2014ರಲ್ಲಿ ರಾಜ್ಯ ಸರಕಾರ ಒಂದು ನಿಗಮ ಮಾಡಿತು. ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ ದಾರಿಯಾಗಿ, ಅದರ ಉಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಕೋರ್ಟು ನೇಮಿಸಿದ್ದು 2022ರಲ್ಲಿ. ಅಂದರೆ ಗಣಿ ನಿಂತು ಹನ್ನೊಂದು ವರ್ಷಕ್ಕೆ. ಅದೇ ವರ್ಷ ರಫ್ತಿಗೆ ಮತ್ತೆ ಅನುಮತಿ ಸಿಕ್ಕಿತು, ವರ್ಷದ ಮಿತಿ 5 ಕೋಟಿ ಟನ್ನಿಗೆ ಏರಿತು. ನೆಲ ಸರಿಪಡಿಸುವ ಕೆಲಸ ತೆವಳುತ್ತಿದ್ದಾಗ ಅಗೆಯುವ ಕೆಲಸ ಓಡತೊಡಗಿತ್ತು. ಸರಿಯಾಗಿ ನೋಡಿದರೆ ಕುದುರೆಮುಖದ ಲೆಕ್ಕವೂ ಮುಗಿದಿಲ್ಲ. ಅದೇ ಕಂಪನಿ ನಮ್ಮ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಕಾಡು ಕೇಳಿಕೊಂಡು ಬಂದಾಗ, 2024ರ ಜೂನಿನಲ್ಲಿ ರಾಜ್ಯದ ಅರಣ್ಯ ಸಚಿವರು ಕುದುರೆಮುಖದ ಹಳೆಯ ಬಾಕಿ ತೀರಿಸದೆ ಇಲ್ಲಿ ಕಾಡು ಕೊಡಬೇಡಿ ಎಂದು ಅಧಿಕಾರಿಗಳಿಗೆ ಬರೆದರು. ಇಪ್ಪತ್ತು ವರ್ಷ ಹಿಂದಿನ ಗಾಯದ ಚೀಟಿ ಇನ್ನೂರು ಮೈಲಿ ನಡೆದು ಬಂದು ಇಲ್ಲಿ ಬಾಗಿಲಲ್ಲಿ ನಿಂತಿತ್ತು. ಮಲೆನಾಡಿನವರ ಸಮಾಚಾರ ಎಂದು ನಾವು ಪುಟ ತಿರುವಿದ್ದೆವಲ್ಲ, ಅದು.

ಮೊನ್ನೆ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ. ಊಟವಾದ ಮೇಲೆ ಮೊಬೈಲ್ ತೋರಿಸಿ, 'ಚಾಚಾ, ಈ ಗಣಿ ಕಂಪನಿಯ ಷೇರು ತಗೋಬೇಕು ಅಂತಿದ್ದೇನೆ. ಹಲಾಲ್ ಅಂತಾನೇ ತೋರಿಸುತ್ತಿದೆ' ಎಂದ. ಅದು ಹೇಗೆ ತಿಳಿಯುತ್ತದೆ ಎಂದು ಕೇಳಿದೆವು. ಕಂಪನಿ ಹೆಂಡ, ಜೂಜಿನಂಥ ದಂಧೆ ಮಾಡಬಾರದು, ಅದರ ಸಾಲ ಇಷ್ಟಕ್ಕಿಂತ ಹೆಚ್ಚಿರಬಾರದು, ಬಡ್ಡಿಯ ಆದಾಯ ಇಷ್ಟಕ್ಕಿಂತ ಕಡಿಮೆ ಇರಬೇಕು, ಆ ಲೆಕ್ಕವನ್ನೆಲ್ಲ ಮೊಬೈಲೇ ಮಾಡುತ್ತದೆ ಎಂದ. ನಮಗೆ ಆ ಮೂರು ರಾತ್ರಿಗಳು ನೆನಪಾದವು. ಇಪ್ಪತ್ತು ವರ್ಷ ಕಳೆದ ಮೇಲೂ ನಮ್ಮ ಮನೆಯಲ್ಲಿ ಪ್ರಶ್ನೆ ಬಡ್ಡಿಯ ಹತ್ತಿರವೇ ನಿಂತಿತ್ತು.

ಬೇಡ ಎಂದು ಹೇಳಲಿಲ್ಲ. ಹಾಗೆ ಹೇಳಲು ನಮಗೆ ಯಾವ ಹಕ್ಕಿದೆ? ಆ ಕಂಪನಿಯ ವಾರ್ಷಿಕ ವರದಿ ತೆಗೆ ಎಂದೆವು. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ನೀರು, ಕಾಡು, ತ್ಯಾಜ್ಯದ ವಿವರವನ್ನೂ ವರ್ಷ ವರ್ಷ ಬರೆದು ಕೊಡಬೇಕೆಂದು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಲೆಕ್ಕದ ಕೊನೆಯ ಟಿಪ್ಪಣಿಗಳಲ್ಲಿ ಕೋರ್ಟಿನಲ್ಲಿರುವ ವ್ಯಾಜ್ಯಗಳನ್ನೂ ಬರೆದಿರುತ್ತಾರೆ. ಅದನ್ನು ಓದು, ಆಮೇಲೆ ಒಂದು ಸಲ ಆ ಊರಿಗೆ ಹೋಗಿ ಯಾರದಾದರೂ ಹೊಲದಲ್ಲಿ ನಿಂತು ಬಾ, ಆಮೇಲೆ ತಗೋ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ವರದಿ ತೆರೆದು ಓದತೊಡಗಿದ. ಒಂದೊಂದಾಗಿ ಎಣಿಸುತ್ತಾ, 'ಕೇಸುಗಳೇ ಇಷ್ಟಿದಾವಲ್ಲ ಚಾಚಾ' ಎಂದ.

ಮೂಲೆಯಲ್ಲಿ ತಸ್ಬೀ ಎಣಿಸುತ್ತಿದ್ದ ಅಮ್ಮಿಗೆ ಈಗ ಕಿವಿ ಮಂದ. ಗಣಿ ಎಂಬ ಒಂದು ಮಾತು ಮಾತ್ರ ಕೇಳಿಸಿರಬೇಕು. ತಲೆ ಎತ್ತಿ ಕೇಳಿದರು: 'ನಿಮ್ಮ ಕಾಕಾನ ಹೊಲದ ಗುಂಡಿ ಮುಚ್ಚಿದರಾ?'

ಕಾಕಾ ತೀರಿಕೊಂಡು ಆರು ವರ್ಷವಾಯಿತು. ಗುಂಡಿ ಇನ್ನೂ ಇದೆ. ಮಳೆಗಾಲದಲ್ಲಿ ಅದರಲ್ಲಿ ಕೆಂಪು ನೀರು ನಿಲ್ಲುತ್ತದೆ, ಒಮ್ಮೆ ಒಂದು ಕರು ಬಿದ್ದು ಸತ್ತಿತು. ಪಟ್ಟಾ ಜಮೀನಿನ ಗುಂಡಿಗೆ ಯಾರ ಯೋಜನೆಯಲ್ಲಿ ಜಾಗವಿದೆಯೆಂದು ಕೇಳಲು ಅವರ ಮಗ ಕಚೇರಿಗಳಿಗೆ ಅಲೆಯುತ್ತಿದ್ದಾನೆ. ಅರ್ಜಿಗೆ ಪುರಾವೆ ಬೇಕಂತೆ, ಆ ಹೊಲದಿಂದ ಎಷ್ಟು ಅದಿರು ಹೋಯಿತು ಎಂಬುದಕ್ಕೆ. ನಮ್ಮ ಹಳೆಯ ಲೆಕ್ಕದ ಪುಸ್ತಕ ಅಟ್ಟದ ಮೇಲಿದೆ. ತಾರೀಖು, ಟ್ರಿಪ್ಪು, ತೂಕ ಎಲ್ಲ ಇದೆ, ಪರ್ಮಿಟ್ ಇಲ್ಲದವೂ ಇವೆ. ಈ ವಾರ ಅದನ್ನು ಇಳಿಸಿ ದೂಳು ಕೊಡವಿ ಅವನಿಗೆ ಕೊಟ್ಟುಬರಬೇಕೆಂದು ಅಣ್ಣನಿಗೆ ಹೇಳಿದ್ದೇವೆ. ಅಣ್ಣ ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಏಣಿ ತಂದು ಗೋಡೆಗೆ ಆನಿಸಿಟ್ಟಿದ್ದಾನೆ.